ಯಾದಗಿರಿಯಲ್ಲಿ ಐಟಿಐ ವೆಲ್ಡರ್ ಮುಗಿಸಿದ ತಮ್ಮನಿಗೆ ಹಡಗಿನ ಕ್ಷೇತ್ರದಲ್ಲಿ ಕೆಲಸ ಸಿಗುತ್ತದೆಯೇ?

ಸಿಗುತ್ತದೆ. ಸಮುದ್ರ ದೂರ ಇದ್ದರೇನಂತೆ, ಹಡಗು ಕಟ್ಟೋದು ನೆಲದ ಮೇಲೇ ಅಲ್ವಾ? ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲಿ ಟಗ್‌ಗಳನ್ನು (ದೊಡ್ಡ ಹಡಗುಗಳನ್ನು ಎಳೆಯುವ, ತಳ್ಳುವ ಸಣ್ಣ ಹಡಗು) ಕಟ್ಟುತ್ತಾರೆ. ಕಾರವಾರದ ನೌಕಾಪಡೆಯ ರಿಪೇರಿ ಯಾರ್ಡ್ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್ ಎಲ್ಲರೂ ಬೇಕು.

ಆದರೆ ಸರ್ಟಿಫಿಕೇಟ್ ಒಂದೇ ಸಾಲದು, ಪ್ಲೇಟ್ ಕೊಟ್ಟು ಕೈಕೆಲಸ ನೋಡುತ್ತಾರೆ. ಮೇಜಿನ ಮೇಲೆ ಅಡ್ಡ ಮಲಗಿಸಿದ ಪ್ಲೇಟನ್ನು ಯಾರು ಬೇಕಾದರೂ ಬೆಸೆಯುತ್ತಾರೆ. ಹಡಗಿನಲ್ಲಿ ಗೋಡೆಯಂತೆ ನಿಂತ ಪ್ಲೇಟು, ತಲೆಯ ಮೇಲಿನ ಪ್ಲೇಟು ಬೆಸೆಯಬೇಕು. ಇವಕ್ಕೆ 3ಜಿ, 4ಜಿ ಅಂತಾರೆ. ಅದೂ ಇಕ್ಕಟ್ಟಾದ ಟ್ಯಾಂಕಿನೊಳಗೆ, ಕಿಡಿ ಕುತ್ತಿಗೆಗೆ ಬೀಳುತ್ತಿರುವಾಗ! ಬೆಸುಗೆಯೊಳಗೆ ಗುಳ್ಳೆ ಉಳಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಮಿತಿ ಮೀರಿದ್ದರೆ ಕೆರೆದು ಮತ್ತೆ ಬೆಸೆಯಬೇಕು. ಯಾದಗಿರಿಯ ಬಿಸಿಲಲ್ಲಿ ಬೆಳೆದವನಿಗೆ ಸೆಕೆ ದೊಡ್ಡ ಮಾತಲ್ಲ ಬಿಡಿ. ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಳಸುವ ಫ್ಲಕ್ಸ್ ಕೋರ್ ವೆಲ್ಡಿಂಗ್ (ಒಳಗೆ ಫ್ಲಕ್ಸ್ ಪುಡಿ ತುಂಬಿದ ತಂತಿಯಿಂದ ಬೆಸೆಯುವುದು) ಕಲಿತರೆ ಜಾಸ್ತಿ ಅನುಕೂಲ.

ಹಡಗು ಹತ್ತುವುದು ಬೇರೆ ದಾರಿ. ಶಿಪ್ಪಿಂಗ್ ಮಹಾನಿರ್ದೇಶನಾಲಯ ಒಪ್ಪಿದ ಸಂಸ್ಥೆಯಲ್ಲೇ ತರಬೇತಿ, ಕಣ್ಣಿನ ಪರೀಕ್ಷೆ, ಸಿಡಿಸಿ ಪುಸ್ತಕ (ನಾವಿಕನ ಗುರುತು ಮತ್ತು ಸೇವೆಯ ದಾಖಲೆ) ಬೇಕು. "ದುಡ್ಡು ಕೊಡು, ನೇರ ಹಡಗಿಗೆ ಹತ್ತಿಸ್ತೀನಿ" ಅನ್ನೋ ಏಜೆಂಟನಿಗೆ ಸುಮ್ನೆ ಕೈಮುಗಿದು ಬನ್ನಿ.