ಹಡಗಿನ ಸ್ಪಾಗೆ ದುಡ್ಡು ಹಾಕಬಹುದೇ?

ಪ್ರಶ್ನೆ: ನಾವು ದಂಪತಿ ಏಳು ರಾತ್ರಿಯ ಕ್ರೂಸ್‌ಗೆ ಹೊರಟಿದ್ದೇವೆ. ಅದರಲ್ಲಿ ಮೂರು ದಿನ ಹಡಗು ಯಾವ ಬಂದರಿನಲ್ಲೂ ನಿಲ್ಲುವುದಿಲ್ಲ. ಸ್ಪಾದಲ್ಲಿ 50 ನಿಮಿಷದ ಮಸಾಜ್ ಇದೆ, ವಾರಪೂರ್ತಿಯ ಥರ್ಮಲ್ ಪಾಸ್ ಕೂಡ ಇದೆ. ಯಾವುದು ಲಾಭ?

ಉತ್ತರ: ಮೂರು ದಿನ ಸಮುದ್ರದಲ್ಲೇ ಕಳೆಯುವವರಿಗೆ ಪಾಸ್ ವಾಸಿ. ಬಿಸಿ ಸೆರಾಮಿಕ್ ಒರಗುಮಂಚ, ಹಬೆಕೋಣೆ, ಸೌನಾ ಎಂಬ ಒಣಬಿಸಿಯ ಕೋಣೆ, ಕೆಲವು ಹಡಗುಗಳಲ್ಲಿ ಬಿಸಿನೀರಿನ ಕೊಳ, ಇವನ್ನೆಲ್ಲ ಪ್ರತಿದಿನ ಎಷ್ಟು ಹೊತ್ತು ಬೇಕಾದರೂ ಬಳಸಬಹುದು. ಪಾಸಿನ ಬೆಲೆಯನ್ನು ಏಳರಿಂದ ಭಾಗಿಸಬೇಡಿ, ನಿಜವಾಗಿ ಹೋಗಿ ಕೂರುವ ದಿನಗಳಿಂದ ಭಾಗಿಸಿ. ದಿನವಿಡೀ ಊರು ಸುತ್ತಿ ಬಂದ ಸಂಜೆ ಹೆಚ್ಚಿನವರು ಸ್ಪಾ ಕಡೆ ತಲೆ ಹಾಕುವುದಿಲ್ಲ.

ಕೊಳ್ಳುವ ಮುನ್ನ ಒಳಗೆ ಹೋಗಿ ನೋಡಿ. ಎಷ್ಟು ಒರಗುಮಂಚಗಳಿವೆ, ಎಷ್ಟು ಪಾಸ್ ಮಾರುತ್ತಾರೆ ಎಂದು ಕೇಳಿ. ಹತ್ತು ಮಂಚಕ್ಕೆ ನೂರು ಪಾಸ್ ಆದರೆ ಸಮುದ್ರದ ದಿನ ಜಾಗ ಸಿಗುವುದು ಕಷ್ಟ. ಕೆಲವು ಹಡಗುಗಳಲ್ಲಿ ಬಟ್ಟೆ ಬದಲಿಸುವ ಕೋಣೆಯ ಪಕ್ಕದ ಸೌನಾ ಎಲ್ಲರಿಗೂ ಉಚಿತ. ಅದಿದ್ದರೆ ಪಾಸ್ ಬೇಕೇ ಎಂದು ಮತ್ತೊಮ್ಮೆ ಯೋಚಿಸಿ. ಪಾಸ್‌ಗಳು ಮೊದಲ ದಿನವೇ ಮುಗಿದುಹೋಗುವುದುಂಟು, ಹಾಗಾಗಿ ಹಡಗು ಹತ್ತಿದ ಮಧ್ಯಾಹ್ನವೇ ನೋಡಿಬಿಡಿ.

ಮಸಾಜ್ ಬೇಕೇ ಬೇಕು ಎನ್ನುವವರು ದಿನವನ್ನು ನೋಡಿ ಆರಿಸಿಕೊಳ್ಳಬೇಕು. ಸಮುದ್ರದ ದಿನ ಸ್ಪಾ ತುಂಬಿರುತ್ತದೆ, ರಿಯಾಯಿತಿ ಸಿಗುವುದು ಕಡಿಮೆ. ಬಂದರಿನ ದಿನ ಎಲ್ಲರೂ ಇಳಿದುಹೋದಾಗ ಬೆಲೆ ಇಳಿಸುತ್ತಾರೆ. ನೀವು ಮೊದಲೇ ನೋಡಿದ ಊರಾದರೆ ಆ ಹೊತ್ತು ಹೇಳಿ ಮಾಡಿಸಿದ್ದು. ಬೆಲೆಪಟ್ಟಿಯಲ್ಲಿ 100 ಎಂದಿದ್ದರೆ ಬಿಲ್ಲಿನಲ್ಲಿ ಅನೇಕ ಕಡೆ 118 ಅಥವಾ 120 ಬರುತ್ತದೆ, ಏಕೆಂದರೆ ಟಿಪ್ಸ್ ತಾನಾಗಿಯೇ ಸೇರಿರುತ್ತದೆ. ಅದರ ಕೆಳಗೆ ಟಿಪ್ಸ್‌ಗೆಂದು ಇನ್ನೊಂದು ಖಾಲಿ ಸಾಲೂ ಇರಬಹುದು. ಅದನ್ನು ತುಂಬಲೇಬೇಕೆಂದಿಲ್ಲ. 50 ನಿಮಿಷದಲ್ಲಿ ಫಾರ್ಮ್ ತುಂಬುವ, ಮಾತಾಡುವ ಹೊತ್ತೂ ಸೇರಿದೆಯೇ ಎಂದು ಕಾಯ್ದಿರಿಸುವಾಗಲೇ ಕೇಳಿ, ಕಾಲು ಗಂಟೆ ಮುಂಚೆ ಹೋಗಿ. ರದ್ದು ಮಾಡಲು ಸಾಮಾನ್ಯವಾಗಿ 24 ಗಂಟೆಯ ಗಡುವು ಇರುತ್ತದೆ, ಅದು ದಾಟಿದರೆ ದುಡ್ಡು ಹೋದಂತೆ.

ಬಹುತೇಕ ದೊಡ್ಡ ಹಡಗುಗಳಲ್ಲಿ ಸ್ಪಾವನ್ನು ಹಡಗು ಕಂಪನಿ ನಡೆಸುವುದಿಲ್ಲ. ಒನ್‌ಸ್ಪಾವರ್ಲ್ಡ್‌ನಂಥ ಗುತ್ತಿಗೆ ಸಂಸ್ಥೆಗಳು ನಡೆಸುತ್ತವೆ, ಥೆರಪಿಸ್ಟ್‌ಗಳ ಗಳಿಕೆಯಲ್ಲಿ ಕಮಿಷನ್‌ಗೆ ದೊಡ್ಡ ಪಾಲು. ಮಸಾಜ್ ಮುಗಿದು, ಮೈಯಲ್ಲಿ ಎಣ್ಣೆ ಆರುವ ಮೊದಲೇ, ಕೈಗೊಂದು ಕಾಗದ ಬರುವುದು ಇದರಿಂದಲೇ: ಕಡಲಪಾಚಿಯ ಪುಡಿ, ಕ್ರೀಮ್, ಸ್ನಾನದ ಎಣ್ಣೆ, ಪಕ್ಕದಲ್ಲಿ ಟಿಕ್ ಗುರುತು. ಅದು ಥೆರಪಿಸ್ಟ್‌ನ ತಪ್ಪೇನಲ್ಲ, ದುಡಿಮೆಯ ಕಟ್ಟಳೆಯೇ ಹಾಗಿದೆ. ಮೊದಲೇ ಫಾರ್ಮಿನಲ್ಲಿ ‘ಉತ್ಪನ್ನಗಳ ವಿವರ ಬೇಡ’ ಎಂದು ಬರೆದುಬಿಡಿ, ಇಬ್ಬರಿಗೂ ಮುಜುಗರ ತಪ್ಪುತ್ತದೆ. ನಡುವೆ ‘ಬಿಸಿಕಲ್ಲು ಸೇರಿಸಲೇ?’ ಎಂದು ಕೇಳಿದರೆ ‘ಬೆಲೆ ಹೆಚ್ಚುತ್ತದೆಯೇ?’ ಎಂದು ತಿರುಗಿ ಕೇಳಿ.

ಇನ್ನೊಂದು ಮಾತು. ಸ್ಪಾ ಹೆಚ್ಚಾಗಿ ಮೇಲಿನ ಡೆಕ್ಕಿನ ಮುಂಭಾಗದಲ್ಲಿರುತ್ತದೆ. ಅಲೆ ಎದ್ದಾಗ ಹಡಗಿನ ಏರಿಳಿತ ಹೆಚ್ಚು ಗೊತ್ತಾಗುವುದು ಅಲ್ಲೇ. ಬೋರಲು ಮಲಗಿದಾಗ ವಾಕರಿಕೆ ಬರುವವರು ಹೊಟ್ಟೆ ತುಂಬ ಉಂಡು ಹೋಗಬಾರದು. ಬಿಸಿಲಿಗೆ ಸುಟ್ಟ ಚರ್ಮಕ್ಕೆ ಮಸಾಜ್ ನರಕ, ಆದ್ದರಿಂದ ಬೀಚಿನ ದಿನಕ್ಕೆ ಮುಂಚೆ ಮಾಡಿಸಿಕೊಳ್ಳಿ. ವ್ಯಾಕ್ಸಿಂಗ್ ಮತ್ತು ಮುಖದ ಪೀಲಿಂಗ್ (ಚರ್ಮದ ಮೇಲ್ಪದರ ತೆಗೆಸುವುದು) ಮಾತ್ರ ಪ್ರವಾಸದಲ್ಲಿ ಬೇಡ. ಹಸಿ ಚರ್ಮಕ್ಕೆ ಬಿಸಿಲು, ಉಪ್ಪುನೀರು ಎರಡೂ ಆಗುವುದಿಲ್ಲ.

ಪ್ರಶ್ನೆ: ಕಡಲಪಾಚಿ ಲೇಪಿಸಿ ಸುತ್ತಿದರೆ ವಿಷ ಹೊರಹೋಗಿ ಸೊಂಟ ಇಳಿಯುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಇಲ್ಲ. ದೇಹದ ಕಸ ತೆಗೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಲೇಪದೊಳಗೆ ಬೆವರಿ ಹೋಗುವುದು ಬಹುಪಾಲು ನೀರು, ಉಪ್ಪು. ಟೇಪಿನಲ್ಲಿ ಕಾಣುವ ಇಳಿಕೆಗೆ ನೀರಿನ ನಷ್ಟ, ಬಟ್ಟೆಯ ಬಿಗಿತ, ಟೇಪ್ ಹಿಡಿದ ಜಾಗ ಕಾರಣ. ನೀರು ಕುಡಿದರೆ ಅಳತೆ ಮೊದಲಿನಂತಾಗುತ್ತದೆ. ಚರ್ಮ ಮೆತ್ತಗಾಗುವುದು ನಿಜ. ಅಷ್ಟಕ್ಕೆ ಆ ಬೆಲೆ ಜಾಸ್ತಿ. ಮೈಗೆ ಸಣ್ಣಗೆ ವಿದ್ಯುತ್ ಹರಿಸುವ ಅಯೋನಿಥರ್ಮಿಯಂಥ ಸ್ಪಾ ಚಿಕಿತ್ಸೆಗಳನ್ನು ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಮುಟ್ಟಲೇಬಾರದು.

ಪ್ರಶ್ನೆ: ಬಿಪಿ ಮಾತ್ರೆ ತಗೊಳ್ಳುತ್ತೇನೆ. ಹಬೆಕೋಣೆ ಸರಿಯೇ?

ಉತ್ತರ: ಹೊರಡುವ ಮುನ್ನ ನಿಮ್ಮ ಡಾಕ್ಟರನ್ನು ಕೇಳಿ. ಅವರು ಒಪ್ಪಿದರೆ ಒಂದು ಸಲಕ್ಕೆ 5ರಿಂದ 10 ನಿಮಿಷ ಸಾಕು, ಮದ್ಯ ಕುಡಿದು ಹೋಗಬೇಡಿ. ಬಿಸಿಗೆ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿಯುತ್ತದೆ, ತಟ್ಟನೆ ಎದ್ದರೆ ತಲೆ ಸುತ್ತುತ್ತದೆ, ಹಡಗಿನ ಓಲಾಟವೂ ಸೇರಿದರೆ ಬೀಳುವುದು ಸುಲಭ. ಕಂಬಿ ಹಿಡಿದು ಮೆಲ್ಲಗೆ ಏಳಿ. ದೂರದ ವಿಮಾನಯಾನದ ನಂತರ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಮಸಾಜ್ ಬೇಡವೇ ಬೇಡ. ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಹಡಗಿನ ಡಾಕ್ಟರ ಬಳಿ ಹೋಗಿ.