ಸೈಲೆನ್ಸರ್ ಕಿತ್ತು ನೇರ ಪೈಪ್ ಹಾಕಿದರೆ ಪಿಕಪ್ ಬರುತ್ತಾ?

ಪ್ರಶ್ನೆ: ನನ್ನದು 2008ರ ಪೆಟ್ರೋಲ್ ಆಲ್ಟೊ. ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದೆ. ಸ್ನೇಹಿತನೊಬ್ಬ ಗ್ರಿಲ್ ಅಂಗಡಿಯಲ್ಲಿ ವೆಲ್ಡಿಂಗ್ ಮಾಡುತ್ತಾನೆ. ‘ಹೇಗೂ ಹಾಳಾಗಿದೆ, ಎಲ್ಲ ಕಿತ್ತು ಎರಡಿಂಚಿನ ಜಿಐ ಪೈಪ್ ಎಳೆದುಬಿಡೋಣ. ಸೌಂಡೂ ಬರುತ್ತೆ, ಪಿಕಪ್ಪೂ ಬರುತ್ತೆ’ ಅನ್ನುತ್ತಾನೆ. ಭಾನುವಾರ ನಮ್ಮ ಮನೆ ಶೆಡ್ಡಿನಲ್ಲೇ ಮಾಡಬೇಕೆಂದಿದ್ದೇವೆ. ಏನೇನು ನೋಡಿಕೊಳ್ಳಬೇಕು?
– ಓದುಗ, ತಿಪಟೂರು

ಉತ್ತರ: ಇಬ್ಬರೂ ಸೇರಿ ಕೆಲಸ ಮಾಡಿ, ಖಂಡಿತ ಮಾಡಿ. ನಾನು ಈ ಕಸುಬು ಕಲಿತಿದ್ದೂ ಗೆಳೆಯನ ಜೊತೆ ಮನೆ ಹಿಂದಿನ ಶೆಡ್ಡಿನಲ್ಲೇ. ಆದರೆ ನೇರ ಪೈಪ್ ಬೇಡ. ಜಿಐ ಪೈಪ್ ಅಂತೂ ಬೇಡವೇ ಬೇಡ.

ಮೊದಲು ಪಿಕಪ್ ವಿಷಯ. ನಿಮ್ಮದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಅದು ಬಿಡುವ ಹೊಗೆ ಸ್ವಲ್ಪ. ಆ ಸ್ವಲ್ಪ ಹೊಗೆ ಸಣ್ಣ ಪೈಪಿನಲ್ಲಿ ರಭಸವಾಗಿ ಓಡಿದರೆ ತನ್ನ ಹಿಂದಿನ ಹೊಗೆಯನ್ನೂ ಸೆಳೆದುಕೊಂಡು ಹೋಗುತ್ತದೆ. ಪೈಪ್ ದಪ್ಪ ಮಾಡಿದರೆ ಆ ರಭಸ ಸತ್ತುಹೋಗುತ್ತದೆ. ಸಂತೆಬೀದಿಯಲ್ಲಿ ಸೆಕೆಂಡ್ ಗೇರಿನಲ್ಲಿ ಏಳಬೇಕಾದ ಗಾಡಿ ಏದುಸಿರು ಬಿಡುತ್ತದೆ. ಶಬ್ದ ಜಾಸ್ತಿಯಾದ್ದರಿಂದ ಜೋರಾಗಿ ಹೋಗುತ್ತಿದ್ದೇವೆ ಅನ್ನಿಸುತ್ತದೆ, ಅಷ್ಟೇ. ಇನ್ನು ಸೌಂಡು. 3000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ ಸೆಕೆಂಡಿಗೆ 100 ಸಲ ಹೊಡೆದರೆ ನಿಮ್ಮದು ಹೊಡೆಯುವುದು 75 ಸಲ. ಸೈಲೆನ್ಸರ್ ಇಲ್ಲದೆ ಅದು ಟಿಲ್ಲರ್ ಥರ ಕೇಳುತ್ತದೆ. ಮನೆಯಲ್ಲಿ ಮಲಗಿರುವ ಮಗುವಿಗೆ, ಪಕ್ಕದ ಮನೆ ಅಜ್ಜಿಗೆ ಅದು ಹಿಂಸೆ. ಕಾನೂನೂ ಒಪ್ಪುವುದಿಲ್ಲ. ಗಾಡಿಗೆ ಸೈಲೆನ್ಸರ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 120 ಹೇಳುತ್ತದೆ. ಶಬ್ದ, ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ 10,000 ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ಜಿಐ ಪೈಪಿನ ಮೇಲಿರುವುದು ಸತುವಿನ ಲೇಪ. ವೆಲ್ಡಿಂಗ್ ಕಾವಿಗೆ ಅದು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದವನಿಗೆ ಅವತ್ತು ರಾತ್ರಿ ಚಳಿ, ಜ್ವರ, ಮೈಕೈ ನೋವು. ಹಾಲು ಕುಡಿದರೆ ಸರಿಹೋಗುತ್ತೆ ಅಂತ ಗ್ರಿಲ್ ಅಂಗಡಿಗಳಲ್ಲಿ ಹೇಳುವುದುಂಟು. ಅದನ್ನು ನಂಬಿಕೊಂಡು ಗೆಳೆಯನನ್ನು ಆ ಹೊಗೆಯಲ್ಲಿ ಕೂರಿಸಬೇಡಿ.

ಈಗ ಮಾಡಬೇಕಾದ್ದು. ಹಿಂದಿನ ಡಬ್ಬ ಒಂದೇ ಹೋಗಿದ್ದರೆ ನಿಮ್ಮ ಮಾಡೆಲ್ಲಿನದೇ ಹೊಸದು ತನ್ನಿ. ಜೊತೆಗೆ ಗ್ಯಾಸ್ಕೆಟ್ಟು, ನೇತುಹಾಕುವ ರಬ್ಬರುಗಳನ್ನೂ ತನ್ನಿ. ಹಳೇ ರಬ್ಬರು ನಿಮ್ಮ ಕಣ್ಣಿಗೆ ಚೆನ್ನಾಗೇ ಕಾಣುತ್ತದೆ. ಬೆರಳಲ್ಲಿ ಮಡಚಿ ನೋಡಿ, ಒಳಗೆಲ್ಲ ಬಿರುಕು. ಮುಂದಿನ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಬೇಡಿ. ಅದರೊಳಗಿನ ಜೇನುಗೂಡಿನಂಥ ಪಿಂಗಾಣಿಗೆ ಪ್ಲಾಟಿನಂ, ಪೆಲ್ಲಾಡಿಯಂನಂಥ ಲೋಹ ಸವರಿರುತ್ತಾರೆ. ವಿಷದ ಹೊಗೆಯನ್ನು ಸುಟ್ಟು ಕಳೆಯುವುದು ಅದೇ.

ಶನಿವಾರ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಸ್ಪ್ಯಾನರ್ ಹಾಕಿದಾಗ ಒಂದೇ ಸಮನೆ ಬಿಚ್ಚಬೇಡಿ. ಕಾಲು ಸುತ್ತು ಸಡಿಲಿಸಿ, ಮತ್ತೆ ಚೂರು ಬಿಗಿ ಮಾಡಿ, ಮತ್ತೆ ಸಡಿಲಿಸಿ. ಕಂದು ಪುಡಿ ಉದುರುತ್ತಾ ಬರುತ್ತದೆ, ಕೀರ್ ಅನ್ನುವ ಸದ್ದು ಮೆತ್ತಗಾಗುತ್ತದೆ. ಆಗ ಬೋಲ್ಟು ಸೋತಿತು ಅಂತ ಅರ್ಥ. ಅವಸರ ಮಾಡಿದರೆ ಬೋಲ್ಟು ತುಂಡಾಗಿ ಇಡೀ ಭಾನುವಾರ ಅದಕ್ಕೇ ಹೋಗುತ್ತದೆ. ಹೊಸ ರಬ್ಬರು ಹತ್ತದಿದ್ದರೆ ಸೋಪಿನ ನೀರು ಸವರಿ.

ವೆಲ್ಡಿಂಗ್ ಬೇಕೇಬೇಕಾದರೆ ಪೈಪನ್ನು ಗಾಡಿಯಿಂದ ಬಿಚ್ಚಿ, ಪೆಟ್ರೋಲ್ ಟ್ಯಾಂಕಿನಿಂದ ದೂರ ಒಯ್ದು ಮಾಡಿ. ಪೈಪಿನ ತಗಡು ತೆಳು. ಗೇಟಿನ ಆಂಗಲ್‌ಗೆ ಇಡುವ ಕರೆಂಟು ಇಟ್ಟರೆ ತೂತು ದೊಡ್ಡದಾಗುತ್ತದೆ, ಅಷ್ಟೇ ಲಾಭ.

ಜಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ. ಹಾಲೋ ಬ್ಲಾಕ್ ಮೇಲೂ ಗಾಡಿ ನಿಲ್ಲಿಸಬೇಡಿ, ಅದು ಮುನ್ಸೂಚನೆ ಕೊಡದೆ ಒಡೆಯುತ್ತದೆ. ಪಕ್ಕದ ಗ್ಯಾರೇಜಿನಿಂದ ಎರಡು ಸ್ಟ್ಯಾಂಡ್ ಕೇಳಿ ತನ್ನಿ, ಚಕ್ರಕ್ಕೆ ಕಲ್ಲು ಕೊಡಿ.

ಶೆಡ್ಡು ಅಂದಿದ್ದೀರಲ್ಲ, ಅದಕ್ಕೆ ಇದನ್ನು ಬರೆಯಲೇಬೇಕು. 1996ರ ಮಳೆಗಾಲ. ನಾನೂ ನನ್ನ ಗೆಳೆಯನೂ ಒಂದು ಹಳೇ ಪದ್ಮಿನಿ ಕಾರಿನ ಸೈಲೆನ್ಸರ್ ಬದಲಿಸುತ್ತಿದ್ದೆವು. ಎರಚಲು ಹೊಡೆಯುತ್ತಿದೆ ಅಂತ ತಗಡಿನ ಬಾಗಿಲು ಎಳೆದುಕೊಂಡು ಎಂಜಿನ್ ಆನ್ ಮಾಡಿದೆ. ಅವನು ಕೆಳಗೆ ಮಲಗಿ ಎಲ್ಲಿ ಲೀಕು ಅಂತ ಕೇಳಿಸಿಕೊಳ್ಳುತ್ತಿದ್ದ. ನನಗೆ ತಲೆ ಸಿಡಿಯತೊಡಗಿತು, ಹಸಿವಿಗೆ ಇರಬೇಕು ಅಂದುಕೊಂಡೆ. ‘ಸಿಕ್ತೇನೋ?’ ಅಂದರೆ ಅವನಿಂದ ಉತ್ತರವಿಲ್ಲ. ಕಾಲು ಹಿಡಿದು ಮಳೆಗೆ ಎಳೆದು ಹಾಕಿದೆ. ಅರ್ಧ ಗಂಟೆಯಾದ ಮೇಲೆ ವಾಂತಿ ಮಾಡಿ ಕಣ್ಣುಬಿಟ್ಟ. ಆಸ್ಪತ್ರೆಗೆ ಒಯ್ಯಬೇಕಿತ್ತು, ನಮಗೆ ಅಷ್ಟು ತಿಳಿವಳಿಕೆ ಇರಲಿಲ್ಲ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಇವತ್ತಿಗೂ ನಮ್ಮ ಗ್ಯಾರೇಜಿನಲ್ಲಿ ಬಾಗಿಲು ಹಾಕಿ ಎಂಜಿನ್ ಓಡಿಸಲು ನಾನು ಯಾರಿಗೂ ಬಿಡುವುದಿಲ್ಲ. ನೀವು ಗಾಡಿಯನ್ನು ಅಂಗಳಕ್ಕೆ ತಳ್ಳಿ, ಅಲ್ಲಿ ಸ್ಟಾರ್ಟ್ ಮಾಡಿ.

ಲೀಕು ನೋಡುವುದಕ್ಕೆ ಕೆಳಗೆ ಮಲಗುವುದೂ ಬೇಡ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆಯನ್ನು ಹಿಂದಿನ ಪೈಪಿನ ಬಾಯಿಗೆ ಒಂದೆರಡು ಸೆಕೆಂಡ್ ಒತ್ತಿಹಿಡಿಯಿರಿ. ಎಲ್ಲೂ ಲೀಕಿಲ್ಲದಿದ್ದರೆ ಎಂಜಿನ್ ಉಸಿರುಕಟ್ಟಿದಂತೆ ಆಗುತ್ತದೆ. ಲೀಕಿದ್ದರೆ ಆ ಜಾಗದಿಂದ ಬುಸ್ ಅನ್ನುತ್ತದೆ. ಸೀಟಿನ ಕೆಳಭಾಗದಲ್ಲಿ ಬುಸ್ ಅಂದರೆ ಅದು ಸರಿಯಾಗುವವರೆಗೆ ಗಾಜು ಏರಿಸಿಕೊಂಡು ಮನೆಯವರನ್ನು ಕೂರಿಸಿಕೊಂಡು ಹೋಗಬೇಡಿ.

ಪ್ರಶ್ನೆ: ಹೊಸ ಸೈಲೆನ್ಸರ್ ಅಡಿಯಲ್ಲಿ ಸಣ್ಣ ತೂತಿದೆ, ಬೆಳಿಗ್ಗೆ ನೀರು ತೊಟ್ಟಿಕ್ಕುತ್ತದೆ. ಅಂಗಡಿಯವರು ಹಾಳಾದದ್ದು ಕೊಟ್ಟರೇ?
– ಓದುಗರು, ಅರಸೀಕೆರೆ

ಉತ್ತರ: ಇಲ್ಲ, ಆ ತೂತು ಬೇಕೆಂದೇ ಬಿಟ್ಟದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಗಾಡಿ ಚೆನ್ನಾಗಿ ಬಿಸಿಯಾದರೆ ಆವಿಯಾಗಿ ಹೋಗುತ್ತದೆ, ತಣ್ಣಗಿದ್ದರೆ ಡಬ್ಬದೊಳಗೇ ನಿಲ್ಲುತ್ತದೆ. ಬಸ್ ಸ್ಟ್ಯಾಂಡಿಗೂ ಮನೆಗೂ ಮಾತ್ರ ಓಡುವ ಗಾಡಿಯ ಸೈಲೆನ್ಸರ್ ಒಳಗಿನಿಂದ ಕೊಳೆಯುವುದು ಹಾಗೆ. ತೂತಿಗೆ ಎಂಸೀಲ್ ಮೆತ್ತಬೇಡಿ. ಕೆಸರು ಕಟ್ಟಿದ್ದರೆ ತಂತಿಯಲ್ಲಿ ಬಿಡಿಸಿ, ವಾರಕ್ಕೊಮ್ಮೆ ಹಾಸನದ ಕಡೆಗೋ ಕಡೂರಿನ ಕಡೆಗೋ ಅರ್ಧ ಗಂಟೆ ಓಡಿಸಿಕೊಂಡು ಬನ್ನಿ.