ಬ್ರೆಟನ್ ಭಾಷೆಗೊಂದು ಜಾಲತಾಣ: ರೆನ್ನಿಗೆ ಹೊಸದಾಗಿ ಬಂದವರಿಗೆ ಉತ್ತರ

ಓದಿಗಾಗಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ರೆನ್ ನಗರಕ್ಕೆ ಬಂದಿರುವ ನೀವು, ಇಲ್ಲಿನ ಬ್ರೆಟನ್ ಭಾಷೆಗಾಗಿ ಸ್ವಂತ ಆಸಕ್ತಿಯಿಂದ ಜಾಲತಾಣವೊಂದನ್ನು ನಡೆಸುವುದು ಹೊರಗಿನವರಿಗೆ ಸಾಧ್ಯವೇ, ಅದರಿಂದ ಸ್ಥಳೀಯರ ಒಡನಾಟ ದೊರೆತೀತೇ ಎಂದು ಕೇಳಿದ್ದೀರಿ. ಇದೇ ಪ್ರಾಂತ್ಯದ ಲಾನಿಯೋನ್ ಪಟ್ಟಣದಲ್ಲಿ ನೆಲೆಸಿ, ಉದ್ಯೋಗದ ಬಿಡುವಿನಲ್ಲಿ ಅಂಥದೇ ತಾಣವೊಂದರ ತಾಂತ್ರಿಕ ಕೆಲಸವನ್ನು ನೋಡಿಕೊಳ್ಳುತ್ತಿರುವ ನನ್ನ ಅಭಿಪ್ರಾಯದಲ್ಲಿ ಒಡನಾಟ ಖಂಡಿತ ದೊರೆಯುತ್ತದೆ; ಆದರೆ ಹೊಸ ತಾಣವನ್ನು ಕಟ್ಟುವ ಬದಲು ಈಗಾಗಲೇ ಇರುವುದೊಂದರ ನಿರ್ವಹಣೆಗೆ ಕೈಜೋಡಿಸುವುದು ಒಳ್ಳೆಯದು.

ಬ್ರೆಟನ್ ಕುರಿತು ಫ್ರೆಂಚಿನಲ್ಲಿ ಬರೆದ ಪುಟಗಳು ಬೇಕಾದಷ್ಟಿವೆ. ಕೊರತೆಯಿರುವುದು ಬ್ರೆಟನ್ನಿನಲ್ಲಿಯೇ ಬರೆಯುವವರಿಗೆ. 2018ರ ಸಮೀಕ್ಷೆಯಲ್ಲಿ ಸುಮಾರು ಎರಡು ಲಕ್ಷದಷ್ಟಿದ್ದ ಮಾತುಗಾರರ ಸಂಖ್ಯೆ 2024ರ ಸಮೀಕ್ಷೆಯಲ್ಲಿ ಸುಮಾರು 1,07,000ಕ್ಕೆ ಇಳಿದಿದೆ. ಹಳ್ಳಿಗಳ ಹಿರಿಯರಲ್ಲಿ ಅನೇಕರು ಶಾಲೆಯಲ್ಲಿ ಫ್ರೆಂಚನ್ನಷ್ಟೇ ಕಲಿತವರಾದ್ದರಿಂದ ಬ್ರೆಟನ್ನನ್ನು ಸೊಗಸಾಗಿ ಆಡುತ್ತಾರೆ, ಓದಲು ಮಾತ್ರ ತಡವರಿಸುತ್ತಾರೆ. 1977ರಲ್ಲಿ ಆರಂಭವಾದ, ಬ್ರೆಟನ್ ಮಾಧ್ಯಮದ ದಿವಾನ್ ಶಾಲೆಗಳಲ್ಲಿಯೂ ದ್ವಿಭಾಷಾ ತರಗತಿಗಳಲ್ಲಿಯೂ ಕಲಿತ ಕಿರಿಯರು ಓದಿ ಬರೆಯಬಲ್ಲರು, ಆದರೆ ಅವರ ಉಚ್ಚಾರಣೆಯಲ್ಲಿ ಫ್ರೆಂಚ್ ಇಣುಕುತ್ತದೆಂದು ಹಿರಿಯರ ಆಕ್ಷೇಪ. ಇವರಿಬ್ಬರಿಗೂ ಸಲ್ಲುವಂತೆ, ಹಿರಿಯರ ಧ್ವನಿಮುದ್ರಣದ ಜೊತೆಗೆ ಅದರ ಬರಹರೂಪವನ್ನೂ ಕೊಡುವ ತಾಣವೇ ನನ್ನ ಮಟ್ಟಿಗೆ ನಿಜವಾಗಿ ಉಪಯುಕ್ತ. ಕಾಗುಣಿತದ ಜಗಳವೂ ಇದೆ. 1941ರಲ್ಲಿ ರೂಪುಗೊಂಡ ಏಕೀಕೃತ ಬರಹಕ್ರಮವೇ ಇಂದು ಹೆಚ್ಚು ಬಳಕೆಯಲ್ಲಿದ್ದರೂ ಅದನ್ನು ಒಪ್ಪದವರಿದ್ದಾರೆ. ಈ ವಾದದಲ್ಲಿ ಹೊಸಬರು ಪಕ್ಷ ವಹಿಸದಿರುವುದೇ ಲೇಸು.

ನಿಮ್ಮಂಥವರು ನೆರವಾಗಬಹುದಾದ ಜಾಗವೆಂದರೆ ಹುಡುಕಾಟದ ವ್ಯವಸ್ಥೆ. ಬ್ರೆಟನ್ನಿನಲ್ಲಿ ಪದದ ಮೊದಲ ವ್ಯಂಜನವೇ ಬದಲಾಗುತ್ತದೆ: ಬೆಕ್ಕು ‘ಕಾಜ್’, ಅವನ ಬೆಕ್ಕೆನ್ನುವಾಗ ‘ಗಾಜ್’, ಅವಳ ಬೆಕ್ಕೆನ್ನುವಾಗ ‘ಹಾಜ್’. ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ವಾಗುವ ಆದೇಶಸಂಧಿಯನ್ನು ಬಲ್ಲ ಕನ್ನಡಿಗರಿಗೆ ಕ, ತ, ಪಗಳು ಗ, ದ, ಬಗಳಾಗುವುದು ಅಪರಿಚಿತವಲ್ಲ, ಆದರೆ ಸಾಮಾನ್ಯ ಹುಡುಕಾಟಯಂತ್ರಕ್ಕೆ ಇವು ಮೂರು ಬೇರೆ ಬೇರೆ ಪದಗಳು. ಸಾಲದ್ದಕ್ಕೆ ‘ಸಿ’ ಮತ್ತು ‘ಎಚ್’ಗಳ ನಡುವೆ ಅಪಾಸ್ಟ್ರಫಿಯಿಟ್ಟು ಬರೆಯುವ ಅಕ್ಷರವೊಂದಿದೆ; ನೇರ ಚಿಹ್ನೆಯನ್ನು ಒಬ್ಬರು, ಬಾಗಿದ ಚಿಹ್ನೆಯನ್ನು ಇನ್ನೊಬ್ಬರು ಬಳಸಿದರೆ ಒಂದೇ ಪದ ಎರಡಾಗಿ ಕೂರುತ್ತದೆ. ಭಾಷೆ ಪೂರ್ತಿ ಬಾರದವರೂ ಇಂಥದ್ದನ್ನು ಸರಿಪಡಿಸಬಲ್ಲರು. ವ್ಯಾಕರಣವನ್ನಾದರೋ ಭಾಷೆ ಬಲ್ಲವರೇ ತಿದ್ದಬೇಕು, ಏಕೆಂದರೆ ಸಣ್ಣ ಭಾಷೆಯಲ್ಲಿ ಜಾಲತಾಣದ ತಪ್ಪನ್ನು ತಿದ್ದಲು ಬೇರೆ ಪುಟಗಳು ಹೆಚ್ಚಿರುವುದಿಲ್ಲ, ಅದು ಹಾಗೆಯೇ ಕಲಿಯುವವರ ಬಾಯಿಗೆ ಹೋಗುತ್ತದೆ.

ಕಾನೂನಿನ ತೊಡಕು ಕಡಿಮೆ. ಫ್ರಾನ್ಸಿನ 1901ರ ಕಾಯ್ದೆಯಂತೆ ಇಬ್ಬರು ಸೇರಿದರೆ ಸಂಘ ಸ್ಥಾಪಿಸಬಹುದು, ವಿದೇಶೀಯರಿಗೂ ಅಡ್ಡಿಯಿಲ್ಲ. ತಾಣವನ್ನು ನಡೆಸುವವರು ಯಾರೆಂಬ ವಿವರವನ್ನು ಸಾಮಾನ್ಯವಾಗಿ ಅದರಲ್ಲಿಯೇ ಪ್ರಕಟಿಸಬೇಕಾಗುತ್ತದೆ. 2014ರಿಂದ ‘ಬಿಜ಼ೆಡ್‌ಎಚ್’ (.bzh) ಎಂದು ಕೊನೆಗೊಳ್ಳುವ ಬ್ರೆಟನ್ ಜಾಲವಿಳಾಸವೂ ದೊರೆಯುತ್ತಿದೆ, ಖರ್ಚು ಹೊರೆಯಾಗದು.

ಇಂಥ ಸಂಘಗಳ ಸಭೆಗಳಲ್ಲಿ ಅರ್ಧ ಮಾತು ಫ್ರೆಂಚಿನಲ್ಲಿಯೇ ನಡೆಯುವುದರಿಂದ ಮೊದಲು ಅದನ್ನು ಗಟ್ಟಿಮಾಡಿಕೊಳ್ಳಿ, ಜೊತೆಗೆ ಬ್ರೆಟನ್ನಿನ ಸಂಜೆ ತರಗತಿಗೆ ಸೇರಿಕೊಳ್ಳಿ. ತಾಣಗಳನ್ನು ನಡೆಸುವವರಲ್ಲಿ ಒಬ್ಬಿಬ್ಬರಾದರೂ ನಿಮಗೆ ಅಲ್ಲಿಯೇ ಸಿಕ್ಕಾರು. ಭಾರತದವರಿಗೆ ಬ್ರೆಟನ್ ಏಕೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಅದಕ್ಕೆ ದೊಡ್ಡ ಉತ್ತರವೇನೂ ಬೇಕಿಲ್ಲ, ಹುಡುಕಾಟದ ತೊಂದರೆಯ ವಿಷಯವೆತ್ತಿದರೆ ಮಾತು ತಾನಾಗಿಯೇ ಕೆಲಸದ ಕಡೆಗೆ ಹೊರಳುತ್ತದೆ.